ಬಂಗಾರಕ್ಕೆ ತಾಗಬಾರದ ಕ್ರೀಮ್ ಮಗಳ ಮುಖಕ್ಕೆ ತಾಗಬಹುದೇ?

ನಮ್ಮ ಮದುವೆ ಮಾತುಕತೆಗಳಲ್ಲಿ ಹುಡುಗಿಯ ಓದಿಗಿಂತ, ಕೆಲವೊಮ್ಮೆ ಹೆಸರಿಗಿಂತಲೂ ಮೊದಲು ಬರುವ ಪ್ರಶ್ನೆ ಒಂದಿದೆ. ಬ್ಯಾರಿಯಲ್ಲಿ ಕೇಳಲಿ, ಕನ್ನಡದಲ್ಲಿ ಕೇಳಲಿ, ಮಲಯಾಳದಲ್ಲಿ ಕೇಳಲಿ, ಅರ್ಥ ಒಂದೇ: ಹುಡುಗಿ ಬೆಳ್ಳಗಿದ್ದಾಳಾ? ಮಂಜೇಶ್ವರ, ಉಪ್ಪಳ, ಕುಂಬಳೆ ಕಡೆಯ ಎಷ್ಟೋ ಮನೆಗಳಲ್ಲಿ ಈ ಪ್ರಶ್ನೆಗೆ ಉತ್ತರ ಒಂದು ಪುಟ್ಟ ಡಬ್ಬಿಯಲ್ಲಿದೆ. ಸಂಬಂಧ ನೋಡಲು ಶುರುಮಾಡಿದ ದಿನವೇ ಅದರ ಮುಚ್ಚಳ ತೆರೆಯುತ್ತದೆ. ಆ ಡಬ್ಬಿಯ ವಿರುದ್ಧ ಬರೆಯುತ್ತಿದ್ದೇನೆ. ಅದನ್ನು ತರಿಸುವವರ ವಿರುದ್ಧವೂ ಹೌದು.

ನಾನು ಮೆಡಿಕಲ್ ಅಂಗಡಿಯ ಕೌಂಟರಿನ ಹಿಂದೆ ನಿಂತು ದುಡಿಯುವವಳು. ಮುಖಕ್ಕೆ ಹಚ್ಚುವುದನ್ನು ಕೇಳಿಕೊಂಡು ಬರುವ ಉಮ್ಮಂದಿರ ಮಾತು ಹೆಚ್ಚುಕಡಿಮೆ ಒಂದೇ ತರ ಇರುತ್ತದೆ. "ಮಗಳ ಸ್ಕಿನ್ ತುಂಬಾ ಸೆನ್ಸಿಟಿವ್, ಜೆಂಟಲ್ ಆದದ್ದು ಏನಾದರೂ ಕೊಡಿ" ಎನ್ನುತ್ತಾರೆ. ನಾನು ಕಪಾಟಿನ ಕಡೆ ತಿರುಗುವಷ್ಟರಲ್ಲಿ ಸ್ವರ ತಗ್ಗಿಸಿ ಇನ್ನೊಂದು ಮಾತು: "ಮುಂದಿನ ತಿಂಗಳು ನಿಕಾಹ್. ಬೇಗ ಬೆಳ್ಳಗಾಗಬೇಕು." ಈ ಎರಡು ಬೇಡಿಕೆ ಒಂದೇ ಟ್ಯೂಬಿನಲ್ಲಿ ಸಿಗುವುದಿಲ್ಲ. ಚರ್ಮಕ್ಕೆ ಮೃದುವಾದ ಯಾವುದೂ ಹತ್ತು ದಿನದಲ್ಲಿ ಬಣ್ಣ ಬದಲಿಸುವುದಿಲ್ಲ. ಹತ್ತು ದಿನದಲ್ಲಿ ಬಣ್ಣ ಬದಲಿಸುವುದು ಮೃದುವಾಗಿರುವುದಿಲ್ಲ. ಇಲ್ಲ ಎಂದರೆ ಅವರು ಫ್ಯಾನ್ಸಿ ಅಂಗಡಿಗೆ ಹೋಗುತ್ತಾರೆ. ಅಥವಾ ದುಬೈಗೆ ಫೋನ್ ಮಾಡುತ್ತಾರೆ.

ಬೇಗ ಬೆಳ್ಳಗಾಗಿಸುವ ಹೆಸರಿಲ್ಲದ ಡಬ್ಬಿಗಳಲ್ಲಿ ಸಾಮಾನ್ಯವಾಗಿ ಎರಡರಲ್ಲಿ ಒಂದು ಇರುತ್ತದೆ. ಒಂದು ಪಾದರಸ, ಇನ್ನೊಂದು ಸ್ಟಿರಾಯ್ಡ್. ಕೆಲವದರಲ್ಲಿ ಎರಡೂ.

ಪಾದರಸದ ಲವಣಗಳು ಚರ್ಮದಲ್ಲಿ ಬಣ್ಣ ಹುಟ್ಟಿಸುವ ಕೆಲಸವನ್ನೇ ತಡೆಹಿಡಿಯುತ್ತವೆ. ಅದಕ್ಕೇ ಮುಖ ಬೆಳ್ಳಗಾಗುತ್ತದೆ. ಡಬ್ಬಿ ಸುಳ್ಳು ಹೇಳುವುದಿಲ್ಲ. ಆದರೆ ಪಾದರಸ ಮುಖದಲ್ಲೇ ಉಳಿಯುವ ವಸ್ತುವಲ್ಲ. ಚರ್ಮದ ಮೂಲಕ ರಕ್ತಕ್ಕೆ ಇಳಿದು ಮೂತ್ರಪಿಂಡದಲ್ಲಿ ಸೇರಿಕೊಳ್ಳುತ್ತದೆ. ಮಲಪ್ಪುರಂ ಜಿಲ್ಲೆಯ ಕೋಟ್ಟಕ್ಕಲ್‌ನಲ್ಲಿ ಮೂತ್ರಪಿಂಡ ತಜ್ಞರು 2021ರ ಜುಲೈಯಿಂದ 2023ರ ಸೆಪ್ಟೆಂಬರ್‌ವರೆಗೆ ಬಂದ ಒಂದು ಬಗೆಯ ರೋಗಿಗಳನ್ನು ಗಮನಿಸಿದರು. ಮೂತ್ರದಲ್ಲಿ ಪ್ರೋಟೀನ್ ಸೋರಿಹೋಗಿ ಮೈ ಬಾತುಕೊಳ್ಳುವ ಕಾಯಿಲೆ ಅದು. 22 ಮಂದಿಯಲ್ಲಿ 15 ಮಂದಿಗೆ ಸಾಮಾನ್ಯವಾಗಿ ಕಾಣದ ಒಂದು ವಿಧ ಪತ್ತೆಯಾಯಿತು. ಆ 15ರಲ್ಲಿ 13 ಮಂದಿ ಬೆಳ್ಳಗಾಗುವ ಕ್ರೀಮ್ ಹಚ್ಚುತ್ತಿದ್ದವರು. ಈ ವರದಿ ಮೂತ್ರಪಿಂಡ ವೈದ್ಯರ ಅಂತಾರಾಷ್ಟ್ರೀಯ ಪತ್ರಿಕೆಯಲ್ಲಿ ಪ್ರಕಟವಾಗಿದೆ. ಕ್ರೀಮ್ ನಿಲ್ಲಿಸಿದ ಮೇಲೆ ಹೆಚ್ಚಿನವರು ಚೇತರಿಸಿಕೊಂಡರು ಎಂಬುದು ಸಮಾಧಾನದ ಸಂಗತಿ.

ಮಲಪ್ಪುರಂ ನಮಗೆ ದೂರದ ಊರಲ್ಲ. ಅಲ್ಲಿನವರೂ ಗಲ್ಫಿಗೆ ಹೋದವರೇ, ಅಲ್ಲಿನ ಮದುವೆಯೂ ನಮ್ಮ ಮದುವೆಯಂಥದ್ದೇ, ಅಲ್ಲಿಗೆ ಬರುವ ಪೆಟ್ಟಿಗೆಯೂ ಅದೇ. ರಜೆಗೆ ಬರುವವರು ಕಟ್ಟುವ ಕಾರ್ಟನ್‌ನಲ್ಲಿ ಹಾಲಿನ ಪುಡಿ, ಬಾದಾಮಿ, ಅತ್ತರು, ಟೈಗರ್ ಬಾಮ್ ಇರುವ ಹಾಗೆ ಈ ಡಬ್ಬಿಯೂ ಇರುತ್ತದೆ, ಒಂದಲ್ಲ, ಹಂಚಲಿಕ್ಕೆಂದು ಅರ್ಧ ಡಜನ್. ಕಷ್ಟಪಟ್ಟು ದುಡಿದ ಅಣ್ಣ ತಂಗಿಗೆ ಪ್ರೀತಿಯಿಂದ ತರುತ್ತಾನೆ. ಅವನ ಪ್ರೀತಿಯ ಬಗ್ಗೆ ನನಗೆ ಸಂಶಯವಿಲ್ಲ. ಏನು ತರುತ್ತಿದ್ದೇನೆ ಎಂದು ಅವನು ಒಮ್ಮೆಯೂ ತಿರುಗಿಸಿ ನೋಡದಿರುವುದಕ್ಕೆ ನನ್ನ ಆಕ್ಷೇಪ.

ನೋಡಿದರೂ ಓದಲು ಏನಿರುತ್ತದೆ? ಡಬ್ಬಿಯ ಮೇಲೆ ಉರ್ದುವೋ ಅರಬಿಯೋ ಇರುತ್ತದೆ. ಹೇಳಿದರೆ ಬೇಸರಪಡಬೇಡಿ, ಆ ಲಿಪಿ ಕಂಡರೆ ನಮಗೆ ಅರ್ಧ ನಂಬಿಕೆ ಬಂದುಬಿಡುತ್ತದೆ. ಮದರಸದಲ್ಲಿ ಕಲಿತ ಅಕ್ಷರ ಅಲ್ಲವೇ ಎಂಬ ಸಲುಗೆ. ಕೂಡಿಸಿ ಓದಲು ಬಂದೀತು, ಒಳಗೇನಿದೆ ಎಂದು ತಿಳಿಯುವುದಿಲ್ಲ.

ಕೆಲವು ಡಬ್ಬಿಗಳು ಮಾತ್ರ ಪ್ರಾಮಾಣಿಕವಾಗಿರುತ್ತವೆ. ಪಾದರಸದ ಕ್ರೀಮನ್ನು ಗುರುತಿಸುವ ಲಕ್ಷಣಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಒಂದು ವಿಚಿತ್ರವಾದದ್ದನ್ನು ಹೇಳಿದೆ: ಚಿನ್ನ, ಬೆಳ್ಳಿ, ಅಲ್ಯೂಮಿನಿಯಂ, ರಬ್ಬರ್ ಮತ್ತು ಆಭರಣಕ್ಕೆ ತಾಗಿಸಬೇಡಿ ಎಂಬ ಸೂಚನೆ ಇದ್ದರೆ ಸಂಶಯಪಡಿ. ಪಾದರಸ ತಾಗಿದರೆ ಬಂಗಾರ ಬೆಳ್ಳಗಾಗುತ್ತದೆ, ಯಾವ ಅಕ್ಕಸಾಲಿಗನನ್ನು ಕೇಳಿದರೂ ಹೇಳುತ್ತಾನೆ. ಹಾಗಾಗಿ ನಮ್ಮ ಮನೆಗಳಲ್ಲಿ ಏನು ನಡೆಯುತ್ತದೆ ಗೊತ್ತೇ? ರಾತ್ರಿ ಕ್ರೀಮ್ ಹಚ್ಚುವ ಮೊದಲು ಸರ, ಬಳೆ ತೆಗೆದಿಡಿಸುತ್ತಾರೆ. ಚಿನ್ನ ಹಾಳಾಗಬಾರದಲ್ಲ! ಪವನಿಗೆ ಇಷ್ಟು ಎಂದು ಲೆಕ್ಕಹಾಕಿ ಮಾಡಿಸಿದ್ದು. ಅದೇ ಕ್ರೀಮನ್ನು ಆ ಸರ ತೊಡಬೇಕಾದ ಕೊರಳಿಗೆ ತಿಕ್ಕುತ್ತಾರೆ.

ಡಬ್ಬಿಯ ವಿಷ ಹಚ್ಚಿಕೊಂಡವಳಿಗೆ ಮುಗಿಯುವುದೂ ಇಲ್ಲ. ಅವಳು ಒರೆಸಿಕೊಂಡ ಬೈರಾಸು, ಮಲಗಿದ ತಲೆದಿಂಬು, ಅವಳ ಕೆನ್ನೆಗೆ ಕೆನ್ನೆ ತಾಗಿಸುವ ಮಗು, ಎಲ್ಲದಕ್ಕೂ ಅಂಟುತ್ತದೆ. ಮದುವೆಗೆಂದು ಶುರುವಾದದ್ದು ಮದುವೆಯ ನಂತರವೂ ಮುಂದುವರಿಯುತ್ತದೆ, ಏಕೆಂದರೆ ನಿಲ್ಲಿಸಿದರೆ ಹಳೆಯ ಬಣ್ಣ ಮರಳುತ್ತದೆ. ಬೆಳ್ಳಗಿನ ಹುಡುಗಿಯನ್ನು ಒಪ್ಪಿಕೊಂಡು ಹೋದ ಮನೆಯಲ್ಲಿ ಆ ಭಯ ಸಣ್ಣದಲ್ಲ. ವರ್ಷದೊಳಗೆ ಅವಳು ಬಸುರಿ. ಹೊಟ್ಟೆಯಲ್ಲಿರುವ ಮಗುವಿಗೆ ಪಾದರಸದಿಂದ ಅಪಾಯವಿದೆ ಎಂದು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಸ್ಟಿರಾಯ್ಡ್. ಬೆಟಾಮೆಥಾಸೋನ್, ಕ್ಲೋಬೆಟಾಸೋಲ್, ಮೊಮೆಟಾಸೋನ್ ಎಂಬ ಹೆಸರುಗಳನ್ನು ಟ್ಯೂಬಿನ ಮೇಲೆ ನೋಡಿರಬಹುದು. ಇಸುಬು, ಸೋರಿಯಾಸಿಸ್‌ಗೆ ವೈದ್ಯರು ಅಳತೆ ಹೇಳಿ, ದಿನ ಹೇಳಿ ಕೊಡುವ ಒಳ್ಳೆಯ ಔಷಧಗಳು ಇವು. ಅದನ್ನೇ ಪೌಡರಿನ ಹಾಗೆ ದಿನಾ ಮುಖಕ್ಕೆ ಹಚ್ಚಿದರೆ ಮೊದಲ ಎರಡು ವಾರ ಮುಖ ನುಣುಪಾಗಿ ತಿಳಿಯಾಗುತ್ತದೆ. ಆಮೇಲೆ ಚರ್ಮ ತೆಳುವಾಗಿ ಕೆಂಪು ನರಗಳು ಕಾಣುತ್ತವೆ, ಮೊಡವೆ ಏಳುತ್ತದೆ, ಹುಡುಗಿಯ ಗಲ್ಲದಲ್ಲಿ ರೋಮ ಬೆಳೆಯುತ್ತದೆ. ನಿಲ್ಲಿಸಿದರೆ ಉರಿ, ಆ ಉರಿಗೆ ಮತ್ತೆ ಅದೇ ಕ್ರೀಮ್. 2018ರಲ್ಲಿ ಕೇಂದ್ರ ಸರ್ಕಾರ ಇಂಥ ಮುಲಾಮುಗಳನ್ನು ಶೆಡ್ಯೂಲ್ ಎಚ್ ಪಟ್ಟಿಯ ಬಿಗಿಗೆ ತಂದಿತು, ಅಂದರೆ ಡಾಕ್ಟರ ಚೀಟಿ ಇಲ್ಲದೆ ಮಾರುವಂತಿಲ್ಲ. ನಾನು ಚೀಟಿ ಕೇಳಿದರೆ "ಪಕ್ಕದ ಅಂಗಡಿಯಲ್ಲಿ ಕೊಡುತ್ತಾರೆ" ಎಂಬ ಉತ್ತರ ಬರುತ್ತದೆ. ಕೊಡುತ್ತಾರೆ, ನಿಜ. ಕೆಲವು ಪಾರ್ಲರುಗಳಲ್ಲಿ ಎರಡು ಮೂರು ಟ್ಯೂಬ್ ಬೆರೆಸಿ, ಲೇಬಲ್ ಇಲ್ಲದ ಪುಟ್ಟ ಡಬ್ಬಿಗೆ ತುಂಬಿ "ನಮ್ಮದೇ ಹರ್ಬಲ್" ಎಂದು ಕೊಡುವುದೂ ಇದೆ.

ಕಾನೂನು ಇಲ್ಲವೇ? ಇದೆ. ಸೌಂದರ್ಯವರ್ಧಕಗಳಿಗೆ ಪಾದರಸ ಸೇರಿಸುವುದನ್ನು ನಮ್ಮ ದೇಶದ 2020ರ ನಿಯಮಗಳು ನಿಷೇಧಿಸಿವೆ. ಗೊತ್ತಿಲ್ಲದೆ ಸೇರಿದರೂ ಮುಖದ ಕ್ರೀಮಿನಲ್ಲಿ ಹತ್ತು ಲಕ್ಷದಲ್ಲಿ ಒಂದು ಪಾಲು ಮೀರಬಾರದು. ಪಾದರಸ ಕುರಿತ ಮಿನಮಾಟಾ ಒಪ್ಪಂದಕ್ಕೆ ಭಾರತ 2018ರಲ್ಲೇ ಸೇರಿದೆ. ಕೇರಳದ ಔಷಧ ನಿಯಂತ್ರಣ ಇಲಾಖೆ 2023ರಲ್ಲಿ 'ಆಪರೇಷನ್ ಸೌಂದರ್ಯ' ಎಂದು ಹೆಸರಿಟ್ಟು ಅಂಗಡಿಗಳ ತಪಾಸಣೆ ಶುರುಮಾಡಿತು. ಆದರೆ ಆ ಸುದ್ದಿ, ಆ ಎಚ್ಚರಿಕೆ ನಮ್ಮ ಕಡೆಗೆ ಬಂದದ್ದು ಮಲಯಾಳದಲ್ಲಿ. ಕನ್ನಡ ಶಾಲೆಯಲ್ಲಿ ಓದಿದ, ಮನೆಯಲ್ಲಿ ಬ್ಯಾರಿ ಮಾತಾಡುವ ನಮ್ಮ ಗಡಿಯ ಹೆಣ್ಣುಮಕ್ಕಳಲ್ಲಿ ಎಷ್ಟು ಮಂದಿ ಅದನ್ನು ಓದಿದರು? ರೇಷನ್ ಕಾರ್ಡಿನ ಅರ್ಜಿ ಕನ್ನಡದಲ್ಲಿ ಬೇಕು ಎಂದು ನಾವು ಜಗಳ ಮಾಡಿದ್ದೇವೆ, ಮಾಡಲೇಬೇಕು. ಮೂತ್ರಪಿಂಡದ ಸುದ್ದಿಯೂ ಕನ್ನಡದಲ್ಲಿ ಬೇಕು ಎಂದು ಯಾರೂ ಕೇಳಿದ್ದು ಕಾಣೆ.

ಇಲಾಖೆಯನ್ನು ದೂರಿ ಕೈತೊಳೆದುಕೊಳ್ಳುವ ಹಾಗೂ ಇಲ್ಲ. ಕ್ರೀಮಿಗೆ ಬೇಡಿಕೆ ಹುಟ್ಟಿಸುವುದು ನಾವೇ, ಮುಖ್ಯವಾಗಿ ಹುಡುಗನ ಕಡೆಯ ಹೆಂಗಸರು. "ವರದಕ್ಷಿಣೆ ಬೇಡ" ಎಂದು ಬ್ಯಾನರ್ ಕಟ್ಟುವ ಸಮುದಾಯ ನಮ್ಮದು, ಆ ಹೋರಾಟದ ಬಗ್ಗೆ ನನಗೆ ಹೆಮ್ಮೆ ಇದೆ. ಹಾಗಿದ್ದರೆ ಇದೇನು? ಒಂದು ರೂಪಾಯಿಯೂ ಬೇಡ ಎಂದು ಸಭೆಯಲ್ಲಿ ಹೇಳಿ, ಒಳಗಿನ ಕೋಣೆಯಲ್ಲಿ ಫೋಟೋ ದೊಡ್ಡದು ಮಾಡಿ ಮಾಡಿ ನೋಡಿ, "ಬಣ್ಣ ಸ್ವಲ್ಪ ಕಮ್ಮಿ" ಎಂದು ಎದ್ದುಬರುವವರನ್ನು ಏನೆನ್ನಬೇಕು? ಹಣ ಬಿಟ್ಟರು, ಚರ್ಮ ಕೇಳಿದರು. ಹುಡುಗ ಮಾತ್ರ ಎಷ್ಟು ಕಪ್ಪಗಿದ್ದರೂ ಬಿಸಿಲಲ್ಲಿ ದುಡಿಯುವವನು ಎಂಬ ಗೌರವ. ಕರಾವಳಿಯ ಬಿಸಿಲು ಹುಡುಗಿಯರ ಮೇಲೆ ಬೀಳುವುದಿಲ್ಲವೇ?

ಧರ್ಮದ ಮಾತು ನಾನು ಹೇಳಬೇಕಾಗಿಲ್ಲ. ಅರಫಾದ ಕೊನೆಯ ಖುತುಬಾದ ಬಗ್ಗೆ ಉಸ್ತಾದರು ಹೇಳುವಾಗ ಎಲ್ಲರೂ ತಲೆಯಾಡಿಸುತ್ತಾರೆ. ಬಿಲಾಲರ ಹೆಸರನ್ನು ಮಗನಿಗೆ ಇಡುತ್ತಾರೆ, ಸೊಸೆಗೆ ಮಾತ್ರ ಹಾಲಿನ ಬಣ್ಣ ಬೇಕು. 1975ರಿಂದ 'ಫೇರ್' ಎಂಬ ಪದವನ್ನು ಮಾರಿದ ಫೇರ್ ಆ್ಯಂಡ್ ಲವ್ಲಿ ಕೂಡ 2020ರಲ್ಲಿ ಅದನ್ನು ಕೈಬಿಟ್ಟು 'ಗ್ಲೋ' ಎಂದು ಹೆಸರು ತಿದ್ದಿಕೊಂಡಿತು. (ನಾನು ಹೇಳುತ್ತಿರುವ ಪಾದರಸದ ಡಬ್ಬಿಗೂ ಅದಕ್ಕೂ ಸಂಬಂಧವಿಲ್ಲ.) ಲಾಭಕ್ಕಾಗಿ ಮಾರುವವರೇ ನಾಚಿದ ಪದವನ್ನು ನಾವು ಪ್ರತಿ ಸಂಬಂಧದಲ್ಲೂ ಉಪಯೋಗಿಸುತ್ತಿದ್ದೇವೆ.

"ಹಾಗಾದರೆ ಮುಖಕ್ಕೆ ಏನೂ ಹಚ್ಚಬಾರದೇ?" ಎಂದು ಕೇಳುವವರಿಗೆ: ಹಚ್ಚಿ, ಧಾರಾಳವಾಗಿ. ಅಲಂಕಾರ ಬೇಡ ಎಂದವಳಲ್ಲ ನಾನು. ಬಟ್ಟೆ ಸೋಪಿನಂಥ ಖಾರದ ಸಾಬೂನಿನಿಂದ ದಿನಕ್ಕೆ ನಾಲ್ಕು ಸಲ ಮುಖ ತಿಕ್ಕಬೇಡಿ. ವುಳೂವಿನ ನೀರು ಹೇಗೂ ದಿನಕ್ಕೆ ಐದು ಹೊತ್ತು ಮುಖ ಮುಟ್ಟುತ್ತದೆ, ಸಾಬೂನು ಎರಡು ಹೊತ್ತು ಸಾಕು. ಪರಿಮಳವಿಲ್ಲದ ಮೆದು ಫೇಸ್‌ವಾಶ್ ಒಂದು, ಪರಿಮಳವಿಲ್ಲದ ಮಾಯಿಶ್ಚರೈಸರ್ ಒಂದು, ಹಗಲು ಹೊರಗೆ ಹೋಗುವವರಿಗೆ ಸನ್‌ಸ್ಕ್ರೀನ್. ಒಣ ಕೈಕಾಲಿಗೆ ನಮ್ಮ ತೆಂಗಿನೆಣ್ಣೆ ಚೆನ್ನಾಗಿದೆ, ಮೊಡವೆಯ ಮುಖಕ್ಕೆ ಬೇಡ. ಹೊಸತು ಏನೇ ಆದರೂ ಮೊದಲು ಮೊಣಕೈಯ ಒಳಭಾಗಕ್ಕೆ ಹಚ್ಚಿ ಎರಡು ದಿನ ನೋಡಿ. ಜೆಂಟಲ್ ಎಂದು ಡಬ್ಬಿಯ ಮೇಲೆ ಬರೆಯುವುದಕ್ಕೆ ಯಾರೂ ಪರೀಕ್ಷೆ ಪಾಸಾಗಬೇಕಾಗಿಲ್ಲ. ಆದ್ದರಿಂದ ಮುಂಭಾಗ ಬಿಟ್ಟು ಹಿಂಭಾಗ ಓದಿ. ತಯಾರಕರ ಹೆಸರು, ವಿಳಾಸ, ಲೈಸೆನ್ಸ್ ನಂಬರ್, ಬ್ಯಾಚ್ ನಂಬರ್ ಇರಬೇಕು. ಹೊರದೇಶದ್ದಾದರೆ ಆಮದು ಮಾಡಿದವರ ವಿಳಾಸ ಮತ್ತು ನೋಂದಣಿ ಸಂಖ್ಯೆ ಇರಬೇಕು. ಇಲ್ಲದ್ದನ್ನು ಕೊಳ್ಳಬೇಡಿ. ಅಂದ ಹಾಗೆ, ನಿಂಬೆರಸ ಮನೆಮದ್ದು ಎಂದು ಹಚ್ಚಿ ಬಿಸಿಲಿಗೆ ಹೋದರೂ ಮುಖ ಸುಟ್ಟು ಕಪ್ಪಾಗುತ್ತದೆ. ಮನೆಯದ್ದೆಲ್ಲ ಮೃದು ಅಲ್ಲ.

ಮೈಲಾಂಜಿಯದ್ದೂ ಇದೇ ಕಥೆ. ಎಲೆ ಅರೆದದ್ದು ಮೊದಲು ಕಿತ್ತಳೆ ಬಣ್ಣ ಕೊಟ್ಟು, ಒಂದೆರಡು ದಿನದಲ್ಲಿ ಕಡುಗೆಂಪಾಗುತ್ತದೆ. ಅರ್ಧ ಗಂಟೆಯಲ್ಲಿ ಕರ್ರಗಾಗುವ ಕೋನಿನಲ್ಲಿ ತಲೆಕೂದಲಿನ ಡೈಗೆ ಹಾಕುವ ರಾಸಾಯನಿಕ ಇರುತ್ತದೆ. ಕೆಲವರ ಕೈಯಲ್ಲಿ ಅದೇ ಚಿತ್ತಾರದ ಆಕಾರದಲ್ಲಿ ಬೊಕ್ಕೆ ಏಳುತ್ತದೆ.

ಈಗಾಗಲೇ ಹಚ್ಚುತ್ತಿರುವವರಿಗೆ ಎರಡು ಮಾತು. ಪಾದರಸದ ಸಂಶಯವಿರುವ ಡಬ್ಬಿಯನ್ನು ಇವತ್ತೇ ಬಿಡಿ, ಒಲೆಗೆ ಹಾಕಬೇಡಿ, ಅದರ ಹೊಗೆಯೂ ವಿಷ. ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿಟ್ಟು ಡ್ರಗ್ಸ್ ಇನ್‌ಸ್ಪೆಕ್ಟರರ ಕಚೇರಿಗೆ ತಿಳಿಸಿ. ಸ್ಟಿರಾಯ್ಡ್ ಆದರೆ ಚರ್ಮದ ಡಾಕ್ಟರನ್ನು ಕಂಡು ಅವರು ಹೇಳಿದ ಕ್ರಮದಲ್ಲೇ ಬಿಡಿ. ಮೂತ್ರದಲ್ಲಿ ನೊರೆ, ಬೆಳಿಗ್ಗೆ ಕಣ್ಣಿನ ಸುತ್ತ ಬಾವು, ಸಂಜೆ ಕಾಲಲ್ಲಿ ಬಾವು ಕಂಡರೆ ಕಾಯಬೇಡಿ. ಮೂತ್ರದ ಪ್ರೋಟೀನ್ ಪರೀಕ್ಷೆ ಯಾವ ಸಣ್ಣ ಲ್ಯಾಬಿನಲ್ಲೂ ಆಗುತ್ತದೆ, ಖರ್ಚು ಆ ಡಬ್ಬಿಯ ಬೆಲೆಯಷ್ಟೂ ಇಲ್ಲ. ಕ್ರೀಮ್ ಹಚ್ಚುತ್ತಿದ್ದೆ ಎಂದು ಡಾಕ್ಟರಿಗೆ ಬಾಯಿಬಿಟ್ಟು ಹೇಳಿ. ನಾಚಿಕೆಯಿಂದ ಮುಚ್ಚಿಟ್ಟರೆ ಕಾರಣ ಹುಡುಕಲು ಅವರಿಗೆ ತಿಂಗಳುಗಳೇ ಹಿಡಿಯುತ್ತವೆ.

ನಮ್ಮ ಜಮಾಅತುಗಳಿಗೆ ಒಂದು ಕೋರಿಕೆ. ಶುಕ್ರವಾರ ನಮಾಜಿನ ನಂತರ ಚಂದಾ, ಬಾಡಿಗೆ, ವಾರ್ಷಿಕ ಸಭೆ ಎಂದು ಎಷ್ಟೋ ಪ್ರಕಟಣೆ ಓದುತ್ತೀರಿ. ಗಂಡಸರು ಮಾತ್ರ ಇರುವ ಸಭೆಯಾದರೂ ತೊಂದರೆಯಿಲ್ಲ, ಗಲ್ಫಿನಿಂದ ಪೆಟ್ಟಿಗೆ ಕಟ್ಟುವವರು ಅವರೇ. ಹೆಸರು, ವಿಳಾಸವಿಲ್ಲದ ಕ್ರೀಮ್ ತರಬೇಡಿ, ಸಂಬಂಧ ಕೇಳುವಾಗ ಬಣ್ಣ ಕೇಳಬೇಡಿ ಎಂದು ಒಂದು ನಿಮಿಷದ ಪ್ರಕಟಣೆ ಓದಿಸಿ. ಕನ್ನಡದ ಒಕ್ಕಣೆ ನಾನೇ ಬರೆದುಕೊಡುತ್ತೇನೆ, ಬ್ಯಾರಿಯಲ್ಲಿ ಹೇಳುವುದನ್ನು ಉಸ್ತಾದರು ನೋಡಿಕೊಳ್ಳಲಿ.