ಬಿಡಿ ಮಾರಾಟ ಬಿಡಿ, ಚಿತ್ರ ಕಾಣಲಿ ಬಿಡಿ



ಯಾವುದೇ ಊರಿನ ಬಸ್ ನಿಲ್ದಾಣದ ಪಕ್ಕದ ಬೀಡಾ ಅಂಗಡಿಯ ಮುಂದೆ ಐದು ನಿಮಿಷ ನಿಂತು ನೋಡಿ. ಹುಡುಗನೊಬ್ಬ ಬರುತ್ತಾನೆ, ಬ್ರ್ಯಾಂಡಿನ ಹೆಸರು ಹೇಳಿ ಫೋನಿನಿಂದ ಸ್ಕ್ಯಾನ್ ಮಾಡುತ್ತಾನೆ. ಅಂಗಡಿಯವರು ಒಡೆದಿಟ್ಟ ಪ್ಯಾಕಿನಿಂದ ಒಂದೇ ಒಂದು ಸಿಗರೇಟು ತೆಗೆದುಕೊಡುತ್ತಾರೆ. ದಾರಕ್ಕೆ ಕಟ್ಟಿದ ಲೈಟರಿನಲ್ಲಿ ಹಚ್ಚಿಕೊಂಡು ಅವನು ಹೊರಡುತ್ತಾನೆ. ಪ್ಯಾಕಿನ ಮೇಲಿನ ರೋಗದ ಚಿತ್ರ ಅವನ ಕಣ್ಣಿಗೆ ಬೀಳುವುದೇ ಇಲ್ಲ.

ಆ ಚಿತ್ರ ಅಲ್ಲಿಗೆ ಸುಲಭವಾಗಿ ಬಂದದ್ದಲ್ಲ. ತಂಬಾಕು ನಿಯಂತ್ರಣ ಕಾಯ್ದೆ ಬಂದದ್ದು 2003ರಲ್ಲಿ. ಪ್ಯಾಕಿನ ಮೇಲೆ ಚಿತ್ರ ಬರಲು 2009ರ ಮೇ 31ರವರೆಗೆ ಕಾಯಬೇಕಾಯಿತು. ಆಗಲೂ ಅದಕ್ಕೆ ಸಿಕ್ಕಿದ್ದು ಮುಂಭಾಗದ ಶೇ 40 ಜಾಗ ಮಾತ್ರ. 2016ರ ಏಪ್ರಿಲ್‌ನಿಂದ ಎರಡೂ ಬದಿಯ ಶೇ 85 ಜಾಗ ಎಚ್ಚರಿಕೆಗೇ ಮೀಸಲಾಯಿತು: ಶೇ 60 ಚಿತ್ರ, ಶೇ 25 ಬರಹ. ಕಂಪನಿಗಳು ಕೋರ್ಟಿಗೆ ಹೋದವು. 2017ರ ಡಿಸೆಂಬರ್‌ನಲ್ಲಿ ನಮ್ಮ ಕರ್ನಾಟಕ ಹೈಕೋರ್ಟ್ ಈ ನಿಯಮವನ್ನು ರದ್ದುಪಡಿಸಿತು. ಮರು ತಿಂಗಳೇ ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ನೀಡಿತು. ಒಂದು ಚಿತ್ರದ ಅಳತೆಗಾಗಿ ಇಷ್ಟೊಂದು ಹೋರಾಟ ಏಕೆ? ಅದು ಕೆಲಸ ಮಾಡುತ್ತದೆ ಎಂಬುದು ಎರಡೂ ಕಡೆಯವರಿಗೂ ಗೊತ್ತು.

‘ಆ ಚಿತ್ರ ನೋಡಿ ಯಾರು ಬಿಟ್ಟಾರು?’ ಎನ್ನುವವರಿದ್ದಾರೆ. ಭಾರತದಲ್ಲಿ ನಡೆದ 2016-17ರ ಜಾಗತಿಕ ವಯಸ್ಕರ ತಂಬಾಕು ಸಮೀಕ್ಷೆಯಲ್ಲಿ, ಪ್ಯಾಕಿನ ಎಚ್ಚರಿಕೆ ನೋಡಿ ಚಟ ಬಿಡುವ ಯೋಚನೆ ಬಂತು ಎಂದವರು ಸಿಗರೇಟು ಸೇದುವವರಲ್ಲಿ ಶೇ 62, ಬೀಡಿ ಸೇದುವವರಲ್ಲಿ ಶೇ 54, ತಂಬಾಕು ಜಗಿಯುವವರಲ್ಲಿ ಶೇ 46. ಯೋಚನೆ ಬಂದ ಮಾತ್ರಕ್ಕೆ ಚಟ ಬಿಡುವುದಿಲ್ಲ, ನಿಜ. ಆದರೆ ಯೋಚನೆಯೇ ಬಾರದೆ ಬಿಟ್ಟವರುಂಟೇ? ಅಕ್ಷರ ಬಾರದ ಕೂಲಿಕಾರನಿಗೂ ಬಾಯಿಯ ಹುಣ್ಣಿನ ಚಿತ್ರ ಅರ್ಥವಾಗುತ್ತದೆ. ನೋಡಿ ನೋಡಿ ಕಣ್ಣು ಒಗ್ಗಿಹೋಗಬಾರದೆಂದೇ ಚಿತ್ರಗಳನ್ನು ಕಾಲಕಾಲಕ್ಕೆ ಬದಲಿಸುತ್ತಾರೆ.

ಬಿಡಿ ಮಾರಾಟ ಈ ಶ್ರಮವನ್ನೆಲ್ಲ ನೀರುಪಾಲು ಮಾಡುತ್ತದೆ. ಸಿಗರೇಟಿಗಷ್ಟೇ ಈ ಮಾತಲ್ಲ. ಸಂತೆಯಲ್ಲಿ ಕಾಗದದ ಚೂರಿನಲ್ಲಿ ಸುತ್ತಿಕೊಡುವ ಹೊಗೆಸೊಪ್ಪಿಗೆ ಯಾವ ಚಿತ್ರವಿದೆ? ಎಲೆ ಅಡಿಕೆ ತಟ್ಟೆಯ ಜೊತೆಗೇ ಅದು ಮನೆಯೊಳಗೆ ಬರುತ್ತದೆ. ಅದರಲ್ಲಿ ಅಪಾಯವಿದೆ ಎಂದು ಅಜ್ಜಿಗೂ ಅನಿಸುವುದಿಲ್ಲ, ಮೊಮ್ಮಗನಿಗೂ ಅನಿಸುವುದಿಲ್ಲ. ಇಡೀ ಪ್ಯಾಕಿಗೆ ಹಣವಿಲ್ಲದ ವಿದ್ಯಾರ್ಥಿಗೂ ಒಂದು ಸಿಗರೇಟು ದುಬಾರಿಯಲ್ಲ. ಚಟ ಹತ್ತುವುದು ಆ ಒಂದರಿಂದಲೇ.

ಕಾನೂನಿಗೇನೂ ಕೊರತೆಯಿಲ್ಲ. ಬಿಡಿ ಮಾರಾಟವನ್ನು ರಾಜ್ಯ ಸರ್ಕಾರ 2017ರಲ್ಲೇ ನಿಷೇಧಿಸಿತು. 2025ರಲ್ಲಿ ಜಾರಿಗೆ ಬಂದ ರಾಜ್ಯದ ತಿದ್ದುಪಡಿ ಕಾಯ್ದೆಯೂ ಅದನ್ನು ನಿಷೇಧಿಸುತ್ತದೆ; 21 ವರ್ಷದೊಳಗಿನವರಿಗೆ ತಂಬಾಕು ಮಾರುವಂತೆಯೇ ಇಲ್ಲ. ಕೊರತೆ ಇರುವುದು ನಮ್ಮಲ್ಲಿ.

ಆದ್ದರಿಂದ ಈ ಮನವಿ.

ಅಂಗಡಿಯ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಹೊಟ್ಟೆಪಾಡು ನಮಗೆ ಗೊತ್ತು. ಆದರೂ ಪ್ಯಾಕ್ ಒಡೆದು ಮಾರಬೇಡಿ. ಶಾಲೆಯ ಮಕ್ಕಳ ಕೈಗಂತೂ ಯಾವ ನೆಪಕ್ಕೂ ಕೊಡಬೇಡಿ, ‘ಅಪ್ಪನಿಗೆ’ ಎಂದರೂ ಸರಿ.

ತಂದೆ ತಾಯಂದಿರೇ, ಸಿಗರೇಟು, ಹೊಗೆಸೊಪ್ಪು ತರಲು ಮಕ್ಕಳನ್ನು ಅಂಗಡಿಗೆ ಕಳಿಸಬೇಡಿ.

ಮೇಷ್ಟರೇ, ಶಾಲೆಯ ಆವರಣದಿಂದ ನೂರು ಮೀಟರಿನೊಳಗೆ ತಂಬಾಕು ಮಾರುವ ಅಂಗಡಿ ಕಂಡರೆ ಮುಖ್ಯ ಶಿಕ್ಷಕರ ಸಹಿ ಹಾಕಿಸಿ ಪೊಲೀಸ್ ಠಾಣೆಗೂ ಜಿಲ್ಲಾ ತಂಬಾಕು ನಿಯಂತ್ರಣ ಕೋಶಕ್ಕೂ ಒಂದು ಅರ್ಜಿ ಕೊಡಿ. ಪಂಚಾಯಿತಿ ಸದಸ್ಯರೇ, ಮುಂದಿನ ಗ್ರಾಮಸಭೆಯಲ್ಲಿ ಈ ವಿಷಯ ಎತ್ತಿ.

ಸೇದುವ, ಜಗಿಯುವ ಬಂಧುಗಳೇ, ನಿಮ್ಮನ್ನು ಹೀಗಳೆಯಲು ಇದನ್ನು ಬರೆದಿಲ್ಲ. ಪ್ಯಾಕಿನ ಚಿತ್ರದ ಜೊತೆಗೇ ಒಂದು ಫೋನ್ ನಂಬರ್ ಇದೆ: 1800-11-2356. ಚಟ ಬಿಡಲು ನೆರವಾಗುವ ಉಚಿತ ಸಹಾಯವಾಣಿ ಅದು. ಬಿಡಿಯಾಗಿ ಕೊಂಡವರಿಗೆ ಆ ನಂಬರೂ ಕಾಣುವುದಿಲ್ಲ. ಅದಕ್ಕೇ ಇಲ್ಲಿ ಅಚ್ಚು ಹಾಕಿದ್ದೇವೆ. ಇವತ್ತೇ ಒಂದು ಕರೆ ಮಾಡಿ.