ಹಸಿರು ಶಾಲೂ ನಮಗ, ಉತಾರನೂ ನಮಗ

ಸೋಯಾ ರಾಶಿ ಮುಗೀತು. ಕಡಲಿ ಬಿತ್ತಾಕ ಎರಿ ಹೊಲ ಹದಕ್ಕ ಬರೂತನಕ ಎರಡು ದಿನ ಕೈ ಖಾಲಿ ಐತಿ, ಅದಕ್ಕ ಈ ಸಲ ಉದ್ದ ಬರ್ಯಾಕತ್ತೀನಿ. ಬೆಳಿ ಸುದ್ದಿ ಅಲ್ಲ, ಬ್ಯಾಸರ ಮಾಡ್ಕೋಬ್ಯಾಡ್ರಿ.

ರಾಶಿ ದಿನ ನಮ್ಮ ಹೊಲದಾಗ ಹನ್ನೊಂದು ಮಂದಿ ಇದ್ದಿವಿ, ಅದರಾಗ ಎಂಟು ಮಂದಿ ಹೆಣ್ಣುಮಕ್ಕಳು. ಕೊಯ್ದವರು ಅವರ, ಬಣವಿ ಒಟ್ಟಿದವರೂ ಅವರ. ಮರುದಿನ ಬೆಂಬಲ ಬೆಲೆಗೆ ಹೆಸರು ಹಚ್ಚಾಕ ಹೋದ್ರ ಸಾಲಿನ್ಯಾಗ ನಿಂತವರು ಎಲ್ಲಾ ಗಂಡಸರು. ಯಾಕಂದ್ರ ಎಫ್‌ಐಡಿ ಬೇಕು, ಎಫ್‌ಐಡಿಗೆ ಉತಾರ ಬೇಕು, ಉತಾರದಾಗ ಹೆಸರು ನಮ್ಮದು. ಬೀಜದ ಸಬ್ಸಿಡಿ, ಬೆಳಿಸಾಲ, ಪಿಎಂ ಕಿಸಾನ್ ರೊಕ್ಕ, ಎಲ್ಲಾ ಆ ಒಂದು ಹಾಳಿ ಹಿಂದ. 2015-16ರ ಕೃಷಿ ಗಣತಿ ಪ್ರಕಾರ ದೇಶದಾಗ ನೂರು ಹಿಡುವಳಿಯೊಳಗ ಹೆಣ್ಣುಮಕ್ಕಳು ನಡೆಸೂವು ಸುಮಾರು 14.

2026ನ್ನ ವಿಶ್ವಸಂಸ್ಥೆ ಅಂತರರಾಷ್ಟ್ರೀಯ ರೈತ ಮಹಿಳೆ ವರ್ಷ ಅಂತ ಘೋಷಣೆ ಮಾಡೇತಿ. ಈ ಮಾತು ತಗದ್ರ ಚಹಾದ ಅಂಗಡ್ಯಾಗ, "ಅದೆಲ್ಲಾ ಫಾರಿನ್ ಮಂದಿ ಉದ್ಯೋಗ, ನಮಗೇನು?" ಅಂದ್ರು. ಫಾರಿನ್ ಅಲ್ಲ ಅಂತ ಹೇಳಾಕ ಈ ಬರಹ.

ಹಸಿರು ಶಾಲು ಹಾಕ್ಕೊಂಡ ಹಳಬರಿಗೆ ನೆನಪಿರಬೇಕು. 1993ರಾಗ ಬೆಲ್ಜಿಯಂ ದೇಶದ ಮಾನ್ಸ್ ಊರಾಗ ಜಗತ್ತಿನ ಸಣ್ಣ ರೈತರು ಕೂಡಿ ಲಾ ವಿಯಾ ಕಂಪೆಸಿನಾ ಅನ್ನೋ ಒಕ್ಕೂಟ ಕಟ್ಟಿದ್ರು. ಅದನ್ನ ನಡಸಾಕ ಆರಿಸಿದ ಮುಂದಾಳುಗಳು ಎಲ್ಲಾ ಗಂಡಸರ. 1996ರಾಗ ಮೆಕ್ಸಿಕೋದ ಸಭೆಯೊಳಗ ಹೆಣ್ಣುಮಕ್ಕಳು ಇದನ್ನ ಎತ್ತಿ ಆಡಿ, ತಮ್ಮದೊಂದು ಆಯೋಗ ಮಾಡ್ಕೊಂಡ್ರು. ಮುಂದಿನ ಸಭೆ ಎಲ್ಲಿ ಗೊತ್ತೈತೇನ್ರಿ? 2000ದಾಗ, ನಮ್ಮ ಬೆಂಗಳೂರಾಗ. ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ಕಾಲ, ನಮ್ಮ ರೈತ ಸಂಘನ ಆ ಒಕ್ಕೂಟದಾಗ ಇತ್ತು. ದೊಡ್ಡ ಸಭೆಕಿಂತ ಮೊದಲು ಬ್ಯಾರೆ ಬ್ಯಾರೆ ದೇಶದ ರೈತ ಮಹಿಳೆಯರು ತಾವ ಪ್ರತ್ಯೇಕ ಕುಂತು ಮಾತಾಡಿದ್ರು. ಅದು ಅವರ ಮೊದಲನೇ ಜಾಗತಿಕ ಸಭೆ. ಆಮ್ಯಾಲ ಒಂದ ದನಿಯಾಗಿ ದೊಡ್ಡ ಸಭೆಗೆ ಬಂದ್ರು. ಒಂದೊಂದು ಪ್ರದೇಶದಿಂದ ಒಬ್ಬ ಗಂಡಸು, ಒಬ್ಬ ಹೆಣ್ಣುಮಗಳು ಮುಂದಾಳು ಆಗಬೇಕು ಅಂತ ಅಲ್ಲೇ ತೀರ್ಮಾನ ಆತು. ಜಗತ್ತಿನ ರೈತರಿಗೆಲ್ಲಾ ಆದ ಆ ನಿರ್ಣಯ ಹುಟ್ಟಿದ್ದು ನಮ್ಮ ನೆಲದಾಗ. 2018ರಾಗ ವಿಶ್ವಸಂಸ್ಥೆ ಒಪ್ಪಿದ ರೈತರ ಹಕ್ಕುಗಳ ಘೋಷಣೆಯೊಳಗೂ ಹೆಣ್ಣುಮಕ್ಕಳಿಗೆ ಭೂಮಿ ಮ್ಯಾಲ ಸಮ ಹಕ್ಕು ಅಂತ ಬರದೈತಿ. ಅದಕ್ಕ ವರ್ಷಾನುಗಟ್ಟಲೆ ಬೆನ್ನು ಹತ್ತಿದ್ದೂ ಇದ ಒಕ್ಕೂಟ.

ಆ ನಿರ್ಣಯ ಬೆಂಗಳೂರಿಂದ ಬೈಲಹೊಂಗಲಕ್ಕ ಬರಲಿಲ್ಲ. ಡಬ್ಲ್ಯೂಟಿಒ ಸುದ್ದಿ ಬಂತು, ಬಿಟಿ ಬೀಜದ ಸುದ್ದಿ ಬಂತು, ಇದು ಬರಲಿಲ್ಲ. ಕಳಸಾ-ಬಂಡೂರಿ ಧರಣಿಗೆ ಹೆಣ್ಣುಮಕ್ಕಳನ್ನ ಟ್ರ್ಯಾಕ್ಟರ್ ಹತ್ತಿಸಿ ಒಯ್ದಿವಿ, ಮುಂದಿನ ಸಾಲಿನ್ಯಾಗ ಕುಂದ್ರಿಸಿದಿವಿ. ಊರಾಗ ಸಂಘದ ಮೀಟಿಂಗ್ ಇದ್ರ ಚಹಾ ಮಾಡಾಕ ಕರಿತೀವಿ.

ಬ್ಯಾರೆಯವರನ್ನ ಅನ್ನೂಕಿಂತ ಮೊದಲು ನನ್ನದು ಹೇಳ್ತೀನಿ. 2003ರಾಗ ಅಪ್ಪ ತೀರಿಕೊಂಡ ಮ್ಯಾಲ ವಾಟ್ನಿ ಮಾಡೂ ಮುಂದ ನಾನೂ ತಮ್ಮನೂ ಕೂಡಿ ತಂಗಿ ಕಡಿಂದ ಹಕ್ಕು ಬಿಡುಗಡೆ ಪತ್ರಕ್ಕ ಸಹಿ ತಗೊಂಡಿವಿ. ಆಕಿನ್ನ ರಾಮದುರ್ಗ ಕಡೆ ಕೊಟ್ಟೇವಿ. ಬಸ್ಸಿಗೆ ಬಂದ್ಲು, ಎಲ್ಲಿ ಅಂತ ತೋರಿಸಿದಲ್ಲಿ ಸಹಿ ಮಾಡಿದ್ಲು. ಪಾಲು ಕೇಳಿದ್ರ ತವರಮನಿ ಬಾಗಿಲ ಮುಚ್ಚೈತಿ ಅನ್ನೋ ಅಂಜಿಕಿ ಆಕಿಗೆ. ಆ ಅಂಜಿಕಿ ನನಗ ಗೊತ್ತಿತ್ತು, ಬಾಯಿ ಬಿಡಲಿಲ್ಲ. ಇಲಕಲ್ಲ ಸೀರಿ ಕೊಟ್ಟು ಉಡಿ ತುಂಬಿ ಕಳಿಸಿದಿವಿ. ಈಗ ಗಂಡ ಇಲ್ಲ. ಗಂಡನ ಮನಿ ಉತಾರ ಇನ್ನೂ ಮಾವನ ಹೆಸರಿನ್ಯಾಗ. ಮಂದಿ ಹೊಲದಾಗ ಕಸ ತಗ್ಯಾಕ ಹೊಕ್ಕಾಳ. 2005ರ ತಿದ್ದುಪಡಿ, 2020ರ ಸುಪ್ರೀಂ ಕೋರ್ಟ್ ತೀರ್ಪು ಎರಡೂ ಮಗಳು ಹುಟ್ಟಿನಿಂದನ ಪಾಲುಗಾರ್ತಿ ಅಂತಾವ, ಆದ್ರ ನೋಂದಣಿ ಆದ ಹಳೇ ಪತ್ರ ನಮ್ಮ ಕೈಯಾಗ ಐತಿ. ಕಾಯ್ದೆ ಕೇಳಿದ್ರ ನಾವು ಗೆದ್ದೀವಿ.

ಕಿತ್ತೂರ ಉತ್ಸವದಾಗ ಭಾಷಣ ಕೇಳಿದಾಗೆಲ್ಲಾ ಇದು ಚುಚ್ಚತೈತಿ. 1824ರ ಜಗಳ ಎದರ ಮ್ಯಾಲ ಹತ್ತಿತ್ರಿ? ದತ್ತಕ ಮಗನ ವಾರಸಾ ಒಪ್ಪೂದಿಲ್ಲ ಅಂತ ಥ್ಯಾಕರೆ ಹಟ ಹಿಡದ. ಚನ್ನಮ್ಮ ವಾರಸಾ ಬಿಡಲಿಲ್ಲ. ಆಕಿ ಸಮಾಧಿಗೆ ಹೂ ಹಾಕಿ ಬಂದು ನಾವು ಅಕ್ಕ-ತಂಗ್ಯಾರ ವಾರಸಾ ಬಿಡಸ್ತೀವಿ.

ನನ್ನ ಅಭಿಪ್ರಾಯ ಇಷ್ಟ. ಅಕ್ಟೋಬರ್ 15 ಅಂತರರಾಷ್ಟ್ರೀಯ ಗ್ರಾಮೀಣ ಮಹಿಳಾ ದಿನ. ಅವತ್ತು ಶಾಲು-ಹಾರ, ಫೋಟೋ ಬ್ಯಾಡ. ಹೆಣ್ಣುಮಕ್ಕಳು ಮೊದಲು ತಾವ ಕುಂತು ಮಾತಾಡ್ಲಿ, ನಾವು ಹೊರಗ ಇರೂಣು. ಮರುದಿನ ಅವರು ಹೇಳಿದ್ದನ್ನ ಸಂಘ ಕೇಳಲಿ. ತಾಲೂಕಾ ಕಮಿಟಿಯೊಳಗ ಒಬ್ಬ ಗಂಡಸಿಗೆ ಒಬ್ಬ ಹೆಣ್ಣುಮಗಳು ಅನ್ನೋ ಬೆಂಗಳೂರಿನ ನಿರ್ಣಯ ಈಗರೆ ಜಾರಿ ಆಗಲಿ. ಇನ್ನು ಮುಂದ ಹಕ್ಕು ಬಿಡುಗಡೆಗೆ ಸಹಿ ತಗೊಂಡವರು ಸಂಘದ ಪದಾಧಿಕಾರಿ ಆಗಬಾರದು ಅಂತ ಠರಾವು ಮಾಡೂಣು. ನನ್ನಿಂದ ಶುರು ಮಾಡ್ರಿ, ನಾನು ಪದ ಬಿಡ್ತೀನಿ. ಭಾಳ ಮಂದಿ ಸಿಟ್ಟಾಗ್ತಾರ, ಗೊತ್ತೈತಿ.

ನನ್ನ ಪಾಲಿನ ನಾಲ್ಕು ಎಕರೆಯೊಳಗ ಒಂದು ಎಕರೆ ತಂಗಿ ಹೆಸರಿಗೆ ದಾನಪತ್ರ ಮಾಡಬೇಕು ಅಂತ ಮಾಡೇನಿ. ತಮ್ಮ ಇನ್ನೂ ಒಪ್ಪಿಲ್ಲ, ಅವನ ಪಾಲು ಅವನಿಗೆ ಬಿಟ್ಟಿದ್ದು. ಮಗ ನಾಲ್ಕು ದಿನದಿಂದ ಸರಿಯಾಗಿ ಮಾತಾಡವಲ್ಲ. ತಂಗಿಗೆ ಫೋನ್ ಮಾಡಿ ಹೇಳಿದ್ರ ಆಕಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಣ್ಣಾ, ಯಾವ ಬದಿವು ಕೊಡಾಂವ? ಹಳ್ಳದ ಬದಿವೇನು?" ಅಂದ್ಲು. ಹಳ್ಳದ ಬದಿ ಭೂಮಿ ಛಲೋ ಐತ್ರಿ. ಆಕಿ ಮರ್ತಿಲ್ಲ.

11-ಇ ನಕ್ಷೆಗೆ ಅರ್ಜಿ ಹಾಕಬೇಕು. ಸವದತ್ತಿ, ಕಿತ್ತೂರ ಕಡೆ ಯಾರರೆ ಹಿಂಗ ತುಂಡು ಮಾಡಿಸಿ ಕೊಟ್ಟಿದ್ರ, ಸರ್ವೇದವರು ಬರಾಕ ಎಷ್ಟು ದಿನ ಹಿಡೀತು, ಖರ್ಚು ಎಷ್ಟು ಬಂತು, ಕೆಳಗ ಬರೀರಿ.