ತೆರಿಗೆ ಹಾಕೋ ಕೈ ಯಾರದು?



ಬೆಳೆಯೋನು ಒಬ್ಬ, ಬೆಲೆ ಕಟ್ಟೋನು ಇನ್ನೊಬ್ಬ. ಈ ಸಂಕಟ ನಮಗೆ ಮಾತ್ರ ಅಂಟಿದ್ದಲ್ಲ. ದಕ್ಷಿಣ ಅಮೆರಿಕದ ಅರ್ಜೆಂಟೀನಾ ಗಣರಾಜ್ಯದ ರೈತರು 2008ರಲ್ಲಿ ಬೀದಿಗಿಳಿದು ಕೇಳಿದ್ದೂ ಇದನ್ನೇ: ನಮ್ಮ ಫಸಲಿನ ಮೇಲೆ ತೆರಿಗೆ ಹಾಕೋ ಹಕ್ಕು ಮಂತ್ರಿಯ ಕಚೇರಿಗೋ, ನಾವು ಓಟು ಕೊಟ್ಟು ಕಳಿಸಿದ ಸಭೆಗೋ?

ಆ ದೇಶದ್ದು 1853ರ ಸಂವಿಧಾನ. 1994ರಲ್ಲಿ ದೊಡ್ಡ ತಿದ್ದುಪಡಿಯಾಯಿತು. ಜನ ನೇರವಾಗಿ ಆರಿಸುವ ಅಧ್ಯಕ್ಷರೇ ಸರ್ಕಾರದ ಯಜಮಾನರು, ಅವಧಿ 4 ವರ್ಷ. ನಮ್ಮ ಪ್ರಧಾನಿಯ ಹಾಗೆ ಸಭೆಯ ಬಹುಮತ ಕಳಕೊಂಡ ಕೂಡಲೇ ಮನೆಗೆ ಹೋಗಬೇಕಿಲ್ಲ. ಕೆಳಮನೆಯಲ್ಲಿ 257 ಜನ. ಮೇಲ್ಮನೆಯಾದ ಸೆನೆಟ್ಟಿನಲ್ಲಿ 72 ಜನ: 23 ಪ್ರಾಂತ್ಯಗಳಿಗೂ ರಾಜಧಾನಿಗೂ ತಲಾ ಮೂವರು.

ರಫ್ತು ಸುಂಕ ಹಾಕೋ ಅಧಿಕಾರ ಸಂಸತ್ತಿನದು ಅನ್ನುತ್ತೆ ಸಂವಿಧಾನ. ಆದರೆ 1981ರಲ್ಲಿ ಸೇನಾ ಸರ್ಕಾರ ಮಾಡಿದ ಸುಂಕದ ಕಾಯಿದೆ ಆ ಬೀಗದ ಕೈಯನ್ನು ಸರ್ಕಾರದ ಸೊಂಟಕ್ಕೆ ಸಿಕ್ಕಿಸಿತು. 1983ರಲ್ಲಿ ಸೇನೆ ಹೋಯಿತು. ಕಾಯಿದೆ ಉಳಿಯಿತು.

2008ರ ಮಾರ್ಚ್ 11ರಂದು ಅರ್ಥಮಂತ್ರಿಗಳ ಒಂದು ಆಜ್ಞೆ ಹೊರಟಿತು. ಪ್ರಪಂಚದ ಪೇಟೆಯಲ್ಲಿ ಬೆಲೆ ಏರಿದಂತೆ ಸೋಯಾ, ಸೂರ್ಯಕಾಂತಿಯ ಸುಂಕವೂ ಏರಬೇಕು! ಸೋಯಾಗೆ ನೂರಕ್ಕೆ 35 ಇದ್ದದ್ದು ಅಂದಿನ ಬೆಲೆಗೆ ಸುಮಾರು 44 ಆಗೋದಿತ್ತು. ಸುಂಕ ಕಟ್ಟೋನು ರಫ್ತುದಾರ, ನಿಜ. ಆದರೆ ಅವನು ರೈತನಿಗೆ ಕೊಡೋ ಬೆಲೆಯಲ್ಲೇ ಅದನ್ನ ಮುರಕೊಳ್ತಾನೆ. ಊಟದ ಬೆಲೆ ಏರಬಾರದು, ದಿಢೀರ್ ಲಾಭ ಬಡವರಿಗೂ ಹಂಚಬೇಕು ಅಂತ ಸರ್ಕಾರ ವಾದಿಸಿತು. ವಾದ ತೆಗೆದುಹಾಕುವಂಥದ್ದಲ್ಲ. ಆದರೆ ಅದನ್ನ ಸಭೆಯ ಮುಂದೆ ಇಡಬೇಕಿತ್ತು, ಇಡಲಿಲ್ಲ.

ದೊಡ್ಡ ಜಮೀನ್ದಾರರ ಸಂಘವೂ ಸಣ್ಣ ರೈತರ ಸಂಘವೂ ಸೇರಿ ನಾಲ್ಕು ಸಂಘಟನೆಗಳು ಒಂದಾದವು. ಹೆದ್ದಾರಿ ತಡೆದರು, ಧಾನ್ಯ ಮಾರೋದು ನಿಲ್ಲಿಸಿದರು. ಪಟ್ಟಣದ ಅಂಗಡಿಗಳಲ್ಲಿ ಮಾಂಸಕ್ಕೂ ಹಾಲಿಗೂ ತತ್ವಾರವಾಯಿತು. ಕೊನೆಗೆ ಜೂನ್‌ನಲ್ಲಿ ಅಧ್ಯಕ್ಷೆ ಕ್ರಿಸ್ಟಿನಾ ಫರ್ನಾಂಡಿಸ್ ವಿಷಯವನ್ನು ಸಂಸತ್ತಿಗೆ ಕಳಿಸಲೇಬೇಕಾಯಿತು.

ಕೆಳಮನೆಯಲ್ಲಿ ಸರ್ಕಾರ 129ಕ್ಕೆ 122ರಿಂದ ಗೆದ್ದಿತು. ಸೆನೆಟ್ಟಿನಲ್ಲಿ 36ಕ್ಕೆ 36, ಸಮಸಮ! ನಮ್ಮ ರಾಜ್ಯಸಭೆಯ ಹಾಗೆ ಅಲ್ಲಿಯೂ ಉಪರಾಷ್ಟ್ರಪತಿಯೇ ಸಭಾಪತಿ. ಸಮ ಬಂದಾಗ ಓಟು ಅವರದು. ಅಧ್ಯಕ್ಷೆಯ ಜೊತೆಗೇ ಚುನಾವಣೆ ಗೆದ್ದು ಬಂದಿದ್ದ ಹೂಲಿಯೋ ಕೋಬೋಸ್, ಜುಲೈ 17ರ ನಸುಕಿನಲ್ಲಿ ಸರ್ಕಾರದ ವಿರುದ್ಧ ಓಟು ಹಾಕಿದರು. ಮರುದಿನ ಆಜ್ಞೆ ರದ್ದಾಯಿತು.

ಗೆದ್ದೆವು ಅಂತ ಮಲಗೋ ಹಾಗಿಲ್ಲ. ಹಳೆಯ 35 ಹಾಗೇ ಉಳಿಯಿತು. ಸುಂಕವೂ ತೆರಿಗೆಯೇ, ಅದು ಸಂಸತ್ತಿನ ಕೆಲಸ ಅಂತ 2014ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಬೇರೊಂದು ಮೊಕದ್ದಮೆಯಲ್ಲಿ ಹೇಳಿತು. ಆದರೂ 2019ರ ಡಿಸೆಂಬರಿನಲ್ಲಿ ಸಂಸತ್ತೇ ಕಾಯಿದೆ ಮಾಡಿ, ಸೋಯಾಗೆ ನೂರಕ್ಕೆ 33ರ ಮಿತಿ ಇಟ್ಟು, ಆ ಬೀಗದ ಕೈಯನ್ನು ಮತ್ತೆ ಸರ್ಕಾರಕ್ಕೆ ಒಪ್ಪಿಸಿತು.

ಸಂವಿಧಾನದಲ್ಲಿ ಬರೆದ ಹಕ್ಕು ಬೇಲಿ ಇದ್ದ ಹಾಗೆ. ಬೇಲಿ ಹಾಕಿದ ಮಾತ್ರಕ್ಕೆ ಬೆಳೆ ಉಳಿಯೋದಿಲ್ಲ, ರಾತ್ರಿ ಕಾವಲೂ ಬೇಕು. ರಸ್ತೆಯಲ್ಲಿ ನಾಲ್ಕು ತಿಂಗಳು ಕೂತ ರೈತ, ತಾನು ಆರಿಸಿದವನು ಸಭೆಯಲ್ಲಿ ಎತ್ತ ಕೈ ಎತ್ತುತ್ತಾನೆ ಅಂತ ನಾಲ್ಕು ವರ್ಷವೂ ಕಣ್ಣಿಟ್ಟು ನೋಡಬೇಕು.